ಟಿಲ್ಟ್ ಕಂಡುಹಿಡಿದ ಹ್ಯಾರಿ

ಪುಣೆಯಲ್ಲಿ ನನ್ನ ಸಹೋದ್ಯೋಗಿಯ ಮನೆಯ ಮಹಡಿ ಕೋಣೆಯಲ್ಲಿ 1960ರ ದಶಕದ ಒಂದು ಅಮೆರಿಕನ್ ಪಿನ್‌ಬಾಲ್ ಯಂತ್ರವಿದೆ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದ ಅವನ ತಂದೆ ತಂದದ್ದು. ಅವರು ತೀರಿಕೊಂಡ ಮೇಲೆ ಅದನ್ನು ಹಾಲ್‌ನಿಂದ ಮೇಲಕ್ಕೆ ಸಾಗಿಸಿದರಂತೆ, ಅಂದಿನಿಂದ ಆಟ ಬಂದ್. ಈಗ ಮನೆ ಮಾರುತ್ತಿದ್ದಾರೆ. ಗುಜರಿಯವನು ನೋಡಿಕೊಂಡು ಹೋಗಿದ್ದಾನೆ. ಅದಕ್ಕೆ ಮೊದಲು ಅಮ್ಮನಿಗೆ ಒಮ್ಮೆ ಅದರ ಗಂಟೆ ಕೇಳಿಸಬೇಕು, ಬಂದು ನೋಡು ಎಂದ. ನಾನು ಎಂ.ಟೆಕ್. ಮಾಡಿದವನು ಎಂಬುದು ಅವನ ಧೈರ್ಯ. ನನ್ನ ಎಂ.ಟೆಕ್.ನಲ್ಲಿ ರಿಲೇ ಎಂಬ ಪದ ಎರಡು ಸಲ ಬಂದಿದ್ದರೆ ಹೆಚ್ಚು.

ಕೆಳಗಿನ ಹಲಗೆ ತೆರೆದಾಗ ಬೆವತುಹೋದೆ. ಚಿಪ್ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ. ಬಟ್ಟೆ ಸುತ್ತಿದ ವೈರುಗಳು, ಕಾಯಿಲ್‌ಗಳು, ನೂರಾರು ಸಣ್ಣ ಪತ್ತಿಗಳು. ಲೆಕ್ಕ ಇಡುವುದು ಒಂದೊಂದೇ ಹಲ್ಲು ಮುಂದೆ ಸರಿಯುವ ಚಕ್ರ. ನೆನಪಿಡುವುದು ತನ್ನದೇ ಸಂಪರ್ಕದ ಮೂಲಕ ತನ್ನನ್ನು ಹಿಡಿದುಕೊಂಡಿರುವ ರಿಲೇ. ಕ್ರಮ ತಪ್ಪದಂತೆ ನಡೆಸುವುದು ಕ್ಯಾಮ್‌ಗಳಿರುವ ಒಂದು ಮೋಟರ್. ಇಲ್ಲಿ ವೈರಿಂಗೇ ಪ್ರೋಗ್ರಾಂ, ಲಾಗ್ ಫೈಲ್ ಕೇಳಿದರೆ ಯಾರೂ ಕೊಡುವುದಿಲ್ಲ.

ಇದಕ್ಕೆಲ್ಲ ಕಾರಣ ಯಾರು ಎಂದು ಹುಡುಕಿದಾಗ ಸಿಕ್ಕವನು ಹ್ಯಾರಿ ವಿಲಿಯಮ್ಸ್. ಹುಟ್ಟಿದ್ದು 1909ರಲ್ಲಿ, ನ್ಯೂಯಾರ್ಕ್‌ನಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿ ಲಾಸ್ ಏಂಜಲೀಸ್‌ನಲ್ಲಿ ನೆಲೆ ನಿಂತಾಗ ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತ. ಹೊಸ ಯಂತ್ರ ಕೊಳ್ಳಲು ಅಂಗಡಿಯವರ ಬಳಿ ದುಡ್ಡಿಲ್ಲ. ಇವನು ಹಳೆಯ ಪೆಟ್ಟಿಗೆಗಳಿಗೆ ಹೊಸ ಆಟದ ಹಲಗೆ ಮಾಡಿ ಕೂರಿಸತೊಡಗಿದ. ಆಗಿನ ಪಿನ್‌ಬಾಲ್‌ನಲ್ಲಿ ವಿದ್ಯುತ್ತೇ ಇರಲಿಲ್ಲ. ಮೊಳೆಗಳ ನಡುವೆ ಗೋಲಿ ಉರುಳಿ ಗುಂಡಿಗೆ ಬೀಳಬೇಕು, ಅಷ್ಟೆ. ನಮ್ಮ ಜಾತ್ರೆಯ ಆಟಗಳ ಹಾಗೆ.

1932ರಲ್ಲಿ ಅವನು ಅಡ್ವಾನ್ಸ್ ಎಂಬ ಆಟ ತಂದ. ಒಂದು ದಿನ ಅಂಗಡಿಯಲ್ಲಿ ನೋಡಿದರೆ ಒಬ್ಬ ಯಂತ್ರದ ತಳಕ್ಕೆ ಅಂಗೈಯಿಂದ ಗುದ್ದಿ ಗೋಲಿಯನ್ನು ಬೇಕಾದ ಗುಂಡಿಗೆ ಹಾರಿಸುತ್ತಿದ್ದ. ಹ್ಯಾರಿಗೆ ಸಿಟ್ಟು ಬಂತು, ತಳದ ಹಲಗೆಗೆ ಮೊಳೆ ಹೊಡೆದು ಚೂಪು ತುದಿ ಕೆಳಕ್ಕೆ ಬರುವಂತೆ ಮಾಡಿದ. ಇದು ಕ್ರೂರ ಎಂದು ಅವನಿಗೇ ಅನ್ನಿಸಿರಬೇಕು, ಕೈ ತೂತು ಮಾಡಿಸಿಕೊಂಡ ಗಿರಾಕಿ ಮತ್ತೆ ಬರುತ್ತಾನೆಯೇ? ಆಮೇಲೆ ಸಣ್ಣ ಪೀಠದ ಮೇಲೆ ಒಂದು ಗೋಲಿ ಕೂರಿಸಿದ. ಯಂತ್ರ ಹೆಚ್ಚು ಅಲುಗಿದರೆ ಅದು ಬೀಳುತ್ತದೆ, ಮೋಸ ಬಯಲಾಗುತ್ತದೆ. ಅದಕ್ಕೆ ಅವನಿಟ್ಟ ಹೆಸರು ಬೇರೆಯೇ, ಚಾಡಿಕೋರ ಎಂಬಂಥ ಅರ್ಥದ್ದು. ಯಾರೋ ಗಿರಾಕಿ ಯಂತ್ರ ಟಿಲ್ಟ್ ಆಯಿತು ಎಂದು ಕೂಗಿದ್ದನ್ನು ಕೇಳಿ ಹೆಸರು ಬದಲಿಸಿದನಂತೆ. ಮುಂದೆ ಗೋಲಿಯ ಜಾಗದಲ್ಲಿ ಉಂಗುರದೊಳಗೆ ತೂಗುವ ಲೋಲಕ ಬಂತು. ಇಷ್ಟಾಗಿಯೂ ಅಲುಗಾಟವನ್ನು ಅವನು ಪೂರ್ತಿ ನಿಷೇಧಿಸಲಿಲ್ಲ ಎಂಬುದು ನನಗೆ ಮೆಚ್ಚಿಗೆ. ಸ್ವಲ್ಪ ತಳ್ಳಬಹುದು, ಎಷ್ಟು ಎಂಬುದನ್ನು ಆಟಗಾರನೇ ಕಲಿಯಬೇಕು.

1933ರಲ್ಲಿ ಕಾಂಟ್ಯಾಕ್ಟ್ ಬಂತು. ಬ್ಯಾಟರಿ ಇಟ್ಟು, ಗುಂಡಿಗೆ ಬಿದ್ದ ಚೆಂಡನ್ನು ಸೊಲೆನಾಯ್ಡ್‌ನಿಂದ ಹೊರಕ್ಕೆ ಒದೆಯಿಸಿದ, ಗಂಟೆ ಬಾರಿಸಿದ. ಸತ್ತಂತಿದ್ದ ಹಲಗೆ ಜೀವ ತಳೆಯಿತು. ಆಮೇಲಿನ ದಶಕಗಳ ರಿಲೇ, ಚಕ್ರ, ಮೋಟರುಗಳೆಲ್ಲ ಈ ದಾರಿಯಲ್ಲಿ ಬಂದವು.

ಷಿಕಾಗೊಗೆ ಹೋಗಿ ಹಲವು ಕಂಪನಿಗಳಿಗೆ ಆಟ ಮಾಡಿಕೊಟ್ಟ. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಾಗಾರ್ಡಿಯಾ ಇದು ಜೂಜು ಎಂದು ನಿಷೇಧಿಸಿ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಆ ನಿಷೇಧ 1976ರವರೆಗೆ ಇತ್ತು! ಯುದ್ಧದಿಂದಾಗಿ ಹೊಸ ತಯಾರಿಕೆಯೂ ಇಲ್ಲ. ಅದೇ ಹೊತ್ತಿನಲ್ಲಿ ಹ್ಯಾರಿ, ಲಿನ್ ಡ್ಯೂರಂಟ್ ಜೊತೆ ಸೇರಿ ಹಳೆಯ ಯಂತ್ರಗಳನ್ನು ಹೊಸದಾಗಿಸುವ ಕೆಲಸಕ್ಕೆ ಇಳಿದ, 1943ರಲ್ಲಿ ತನ್ನದೇ ಹೆಸರಿನ ಕಂಪನಿ ತೆರೆದ. ಬಂಡವಾಳ ಹಾಕುವವರಿಗೆ ಹುಚ್ಚು ಎನಿಸುವ ಮುಹೂರ್ತ.

ಒಂದು ಮಾತು ಸ್ಪಷ್ಟ ಮಾಡಬೇಕು. ಚೆಂಡನ್ನು ಹೊಡೆಯುವ ಫ್ಲಿಪ್ಪರ್ ಹ್ಯಾರಿಯದಲ್ಲ. ಅದು 1947ರಲ್ಲಿ ಗಾಟ್ಲೀಬ್ ಕಂಪನಿಯ ಹ್ಯಾರಿ ಮ್ಯಾಬ್ಸ್ ತಂದದ್ದು. ಹ್ಯಾರಿಗಳ ಗೊಂದಲದಲ್ಲಿ ಎಲ್ಲ ಕೀರ್ತಿಯನ್ನೂ ಒಬ್ಬನಿಗೇ ಕಟ್ಟುವುದು ಬೇಡ. ವಿಲಿಯಮ್ಸ್ 1950ರ ದಶಕದ ಕೊನೆಗೆ ಕಂಪನಿಯಿಂದ ಹೊರಬಂದ, ಆದರೆ ಆಟ ರೂಪಿಸುವುದನ್ನು ಬಿಡಲಿಲ್ಲ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಸ್ಟರ್ನ್ ಕಂಪನಿಯ ಮೈಕ್ರೋಪ್ರೊಸೆಸರ್ ಯಂತ್ರಗಳಿಗೂ ಆಟ ಬರೆದ. ತೀರಿಕೊಂಡದ್ದು 1983ರಲ್ಲಿ.

ಇನ್ನು ನಮ್ಮ ಯಂತ್ರ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನಿಂದ 110 ವೋಲ್ಟ್ ಕೊಟ್ಟೆವು. ಅಲ್ಲಿನ 60 ಹರ್ಟ್ಸ್‌ಗೆ ಮಾಡಿದ ಮೋಟರ್ ಇಲ್ಲಿನ 50ಕ್ಕೆ ಸ್ವಲ್ಪ ನಿಧಾನ, ಆದರೂ ತಿರುಗಿತು. ಅಂಕಿಗಳೆಲ್ಲ ಸೊನ್ನೆಗೆ ಬಂದವು. ಚೆಂಡೂ ಬಂತು. ಫ್ಲಿಪ್ಪರ್ ಒತ್ತಿದರೆ ಮಾತ್ರ ಉಸಿರಿಲ್ಲ. ಎರಡು ಭಾನುವಾರ ಫ್ಯೂಸು, ಪ್ಲಗ್ಗು ಎಲ್ಲ ನೋಡಿದೆ. ಬೆಳ್ಳಿಯ ಸಂಪರ್ಕಗಳನ್ನು ವಿಸಿಟಿಂಗ್ ಕಾರ್ಡ್ ತೂರಿಸಿ ಒರೆಸಿದೆ. ಮರಳು ಕಾಗದ ಹಾಕಬಾರದು, ಬೆಳ್ಳಿ ಸವೆಯುತ್ತದೆ. ಕಡೆಗೆ ನಕ್ಷೆಯ ಮೇಲೆ ಬೆರಳಿಟ್ಟು ಫ್ಲಿಪ್ಪರ್‌ನಿಂದ ಹಿಂದಕ್ಕೆ ಹೋದರೆ ದಾರಿಯಲ್ಲಿ ಟಿಲ್ಟ್ ರಿಲೇ. ಅದು ಎಳೆದುಕೊಂಡೇ ಕೂತಿತ್ತು. ಎಡಗೋಡೆಗೆ ಟಾರ್ಚ್ ಬಿಟ್ಟೆ. ಲೋಲಕ ಉಂಗುರಕ್ಕೆ ಒರಗಿ ನಿಂತಿದೆ! ಮಹಡಿಯ ನೆಲ ಓರೆ. ಟಿಲ್ಟ್ ಎಂದು ತೋರಿಸಬೇಕಾದ ಬಲ್ಬ್ ಎಂದೋ ಸುಟ್ಟಿತ್ತು. ಅದೊಂದು ಉರಿದಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು.

ಕಾಲಿನ ತಿರುಪು ಎರಡು ಸುತ್ತು ತಿರುಗಿಸಿದೆವು. ಬಂಪರ್‌ಗೆ ಚೆಂಡು ತಾಗಿ ಗಂಟೆ ಹೊಡೆದದ್ದೇ ತಡ, ಕೆಳಗೆ ಕುಕ್ಕರ್ ಆರಿಸಿದ ಸದ್ದು. ಅಮ್ಮ ಮೊಣಕಾಲು ಹಿಡಿದುಕೊಂಡೇ ಮೇಲೆ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ನಿಂತರು. ಚೆಂಡು ಕೈತಪ್ಪುವಾಗ ಸೊಂಟದಿಂದ ಒಂದು ಗುದ್ದು ಕೊಟ್ಟರು ನೋಡಿ, ಫ್ಲಿಪ್ಪರ್‌ಗಳು ನಿಂತವು. ಈ ಸಲ ನಾನು ಹೊಸ ಬಲ್ಬ್ ಹಾಕಿದ್ದೆ, ಗಾಜಿನ ಹಿಂದೆ ಟಿಲ್ಟ್ ಅಂತ ಸರಿಯಾಗಿಯೇ ಹತ್ತಿತು.

ಗುಜರಿಯವನಿಗೆ ಫೋನ್ ಮಾಡುವ ವಿಷಯ ಅಂದು ಯಾರೂ ಎತ್ತಲಿಲ್ಲ. ಹೊಸ ಫ್ಲ್ಯಾಟ್‌ನ ಲಿಫ್ಟಿನಲ್ಲಿ ಹಿಡಿಸುತ್ತದೆಯೇ ಎಂದು ಸಹೋದ್ಯೋಗಿ ಟೇಪು ಹಿಡಿದು ಅಳೆಯುತ್ತಿದ್ದ.