ಕೆಸರಿನ ಸರೋವರದಲ್ಲಿ ಶಕ್ತಿಯ ಲೆಕ್ಕ: ರೇಮಂಡ್ ಲಿಂಡೆಮನ್

ಜೀವಸಮುದಾಯವನ್ನು ಶಕ್ತಿಯ ಆಯವ್ಯಯದಿಂದ ಅಳೆಯುವ ಕ್ರಮವನ್ನು ಪರಿಸರ ವಿಜ್ಞಾನಕ್ಕೆ ತಂದವರಲ್ಲಿ ಅಗ್ರಗಣ್ಯರಾದ ರೇಮಂಡ್ ಲಾರೆಲ್ ಲಿಂಡೆಮನ್ ಅವರು 1915ರ ಜುಲೈ 24ರಂದು ಅಮೆರಿಕದ ಮಿನೆಸೋಟ ರಾಜ್ಯದ ಒಕ್ಕಲು ಮನೆತನವೊಂದರಲ್ಲಿ ಜನಿಸಿದರು. ಮಿಸೌರಿಯ ಪಾರ್ಕ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ ಮಿನೆಸೋಟ ವಿಶ್ವವಿದ್ಯಾನಿಲಯವನ್ನು ಸೇರಿದರು.

ಅಲ್ಲಿ ಅವರು ಸಂಶೋಧನೆಗೆ ಆರಿಸಿಕೊಂಡದ್ದು ಸೀಡರ್ ಬಾಗ್ ಸರೋವರವನ್ನು. ಸರೋವರವೆಂಬುದು ಹೆಸರಿಗೆ ಮಾತ್ರ. ನೀರಿನ ಆಳ ಸುಮಾರು ಒಂದು ಮೀಟರು, ಅದರ ಕೆಳಗೆಲ್ಲ ಕೆಸರು. ಆದರೆ ಚಿಕ್ಕದಾದುದರಿಂದಲೇ ಅದರ ಸಮಸ್ತ ಜೀವರಾಶಿಯ ಲೆಕ್ಕ ಒಬ್ಬ ವಿದ್ಯಾರ್ಥಿಯ ಕೈಗೆ ನಿಲುಕುವಂತಿತ್ತು. ಪತ್ನಿ ಎಲೀನರ್ ಅವರ ನೆರವಿನಿಂದ ವರ್ಷಗಟ್ಟಲೆ ಈ ಕಾಯಕ ನಡೆಯಿತು.

ಚಳಿಗಾಲದಲ್ಲಿ ಆ ಸರೋವರಕ್ಕೆ ಮಂಜುಗಡ್ಡೆ ಮುಚ್ಚಳವಾಗುತ್ತದೆ. ಗಾಳಿಯ ಸಂಪರ್ಕ ತಪ್ಪುತ್ತದೆ. ಹಿಮ ಬೆಳಕನ್ನು ತಡೆಯುವುದರಿಂದ ಸಸ್ಯಗಳು ಆಮ್ಲಜನಕವನ್ನು ಉತ್ಪಾದಿಸಲಾರವು. ಇದ್ದಷ್ಟನ್ನು ಕೊಳೆಯುವ ಕೆಸರು ಹೀರಿಕೊಳ್ಳುತ್ತದೆ. ಹಾಗಿದ್ದೂ ತಳದ ಜೀವಿಗಳಲ್ಲಿ ಹಲವು ವಸಂತದವರೆಗೆ ಉಳಿಯುವುದೆಂತು? ಲಿಂಡೆಮನ್ ಅವರು ಅದೇ ಸ್ಥಿತಿಯನ್ನು ಪ್ರಯೋಗದಲ್ಲಿ ಕೃತಕವಾಗಿ ನಿರ್ಮಿಸಿ, ಕೆಲವು ಕೀಟಗಳ ಮರಿಹುಳುಗಳು ಆಮ್ಲಜನಕವಿಲ್ಲದೆ ವಾರಗಟ್ಟಲೆ ಬದುಕಬಲ್ಲವೆಂಬುದನ್ನು ತೋರಿಸಿದರು.

1941ರಲ್ಲಿ ಡಾಕ್ಟರೇಟ್ ಪಡೆದು, ಯೇಲ್ ವಿಶ್ವವಿದ್ಯಾನಿಲಯದ ಹಚಿನ್‌ಸನ್ ಅವರ ಬಳಿಗೆ ತೆರಳಿದ ಮೇಲೆ ಅವರ ವಿಚಾರ ಪಕ್ವಗೊಂಡಿತು. ಸರೋವರದ ಮೇಲೆ ಬೀಳುವ ಸೂರ್ಯಶಕ್ತಿಯಲ್ಲಿ ಸಸ್ಯಗಳು ಹಿಡಿದಿಡುವುದು ಶೇಕಡಾ 0.10 ಮಾತ್ರ, ಅದರಲ್ಲಿ ಸಸ್ಯಾಹಾರಿಗಳಿಗೆ ದಕ್ಕುವುದು ಶೇಕಡಾ 13.3, ಅವುಗಳಿಂದ ಮಾಂಸಾಹಾರಿಗಳಿಗೆ ಶೇಕಡಾ 22.3. ತಳದ ಕೆಸರೂ ಅದರ ಸೂಕ್ಷ್ಮಜೀವಿಗಳೂ ಈ ಶಕ್ತಿಚಕ್ರದ ಅಂಗಗಳೆಂದು ಅವರು ಪ್ರತಿಪಾದಿಸಿದರು.

ಪ್ರಬಂಧವು 'ಇಕಾಲಜಿ' ಪತ್ರಿಕೆಗೆ ಹೋದಾಗ ಪರಿಶೀಲಕರಾದ ಜೂಡೇ ಮತ್ತು ವೆಲ್ಚ್ ಅವರು ಅದನ್ನು ಒಪ್ಪಲಿಲ್ಲ. ಇಷ್ಟು ವಿಶಾಲವಾದ ಸಿದ್ಧಾಂತಕ್ಕೆ ಸಾಕಷ್ಟು ಆಧಾರವಿಲ್ಲವೆಂಬುದು ಅವರ ಆಕ್ಷೇಪ. ಅನುಭವಿಗಳ ಈ ಎಚ್ಚರವನ್ನು ಕೇವಲ ಹಠವೆನ್ನಲಾಗದು. ಆದರೂ ಲಿಂಡೆಮನ್ ಅವರು ಹೋಲಿಕೆಗೆ ಬಳಸಿದ ಮೆಂಡೋಟಾ ಸರೋವರದ ಅಂಕಿಗಳು ಜೂಡೇ ಅವರೇ ಶ್ರಮವಹಿಸಿ ಕಲೆಹಾಕಿದವುಗಳಾಗಿದ್ದವು! ಹಚಿನ್‌ಸನ್ ಅವರು ಶಿಷ್ಯನ ಪರವಾಗಿ ಸಂಪಾದಕ ಥಾಮಸ್ ಪಾರ್ಕ್ ಅವರಿಗೆ ಬರೆದರು. ಪ್ರಬಂಧವನ್ನು ತಿದ್ದಿ ಮತ್ತೆ ಕಳುಹಿಸಲಾಯಿತು; ಪಾರ್ಕ್ ಅವರು ಪರಿಶೀಲಕರ ಅಭಿಪ್ರಾಯವನ್ನು ಮೀರಿ ಅದನ್ನು ಸ್ವೀಕರಿಸಿದರು.

ಅಷ್ಟರಲ್ಲಿ ಯಕೃತ್ತಿನ ವ್ಯಾಧಿ ಉಲ್ಬಣಿಸಿತ್ತು. 1942ರ ಜೂನ್ 29ರಂದು, ಇಪ್ಪತ್ತೇಳು ತುಂಬುವ ಮೊದಲೇ, ಲಿಂಡೆಮನ್ ಅವರು ತೀರಿಕೊಂಡರು. ಪ್ರಬಂಧವು ಅದೇ ವರ್ಷದ ಅಕ್ಟೋಬರಿನಲ್ಲಿ, ಗುರುವಿನ ಕಿರುಟಿಪ್ಪಣಿಯೊಡನೆ ಅಚ್ಚಾಯಿತು.