ಉದ್ಯಾನಪ್ರಿಯ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ಕಳೆದ ಬೇಸಗೆಯ ರಜೆಯಲ್ಲಿ ನಾನು ಕುರುಗೋಡಿನಿಂದ ಸಿರುಗುಪ್ಪಕ್ಕೆ, ಸೋದರಮಾವನವರ ಮನೆಗೆ ಹೋಗಿದ್ದೆನು. ಸಂಜೆ ಇಬ್ಬರೂ ತುಂಗಭದ್ರೆಯ ದಂಡೆಯಲ್ಲಿ ಕುಳಿತೆವು. ಬಿಸಿಲಿನ ಬಳ್ಳಾರಿ ಸೀಮೆಯವರಿಗೆ ಹೊಳೆಯ ಗಾಳಿಯೆಂದರೆ ಭಾಗ್ಯವೇ ಸರಿ. ಮಿರ್ಚಿ ತಿಂದು ಮುಗಿಸಿದ ಕಾಗದವನ್ನು ನಾನು ಅಲ್ಲಿಯೇ ಎಸೆದೆನು. ಮಾವನವರು ಏನೂ ಅನ್ನದೆ ಎದ್ದು, ಅದನ್ನು ಹೆಕ್ಕಿ ತಮ್ಮ ಕೈಚೀಲದಲ್ಲಿ ಇಟ್ಟುಕೊಂಡರು. ನಾನು ನಾಚಿ ತಲೆ ತಗ್ಗಿಸಿದೆನು. ಮನೆಗೆ ಮರಳುವಾಗ ದಾರಿಯುದ್ದಕ್ಕೂ ಅವರು ಸರ್ ಮಿರ್ಜಾ ಇಸ್ಮಾಯಿಲ್ಲರ ಕಥೆ ಹೇಳಿದರು. ಕಾಲೇಜು ತೆರೆದ ಮೇಲೆ ಗ್ರಂಥಾಲಯದಲ್ಲಿ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಿರ್ಜಾ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ತಾತ ಪರ್ಷಿಯಾದಿಂದ ಬಂದು ಕುದುರೆ ವ್ಯಾಪಾರದಿಂದ ಏಳಿಗೆ ಹೊಂದಿದವರು. ಬಾಲಕ ಮಿರ್ಜಾ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾದರು. ಆ ಬಾಲ್ಯದ ಸ್ನೇಹ ಕೊನೆಯವರೆಗೂ ಕೆಡಲಿಲ್ಲ. 1905ರಲ್ಲಿ ಪದವೀಧರರಾಗಿ ಮೈಸೂರು ಸರ್ಕಾರದ ಸೇವೆಗೆ ಸೇರಿ, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನ ಪದವಿಗೇರಿದರು. 1941ರವರೆಗೆ ಆ ಹೊಣೆಯನ್ನು ಹೊತ್ತರು.

ಅವರ ಕಾಲದಲ್ಲಿ ಕಾರ್ಖಾನೆಗಳು ಬಂದವು, ವಿದ್ಯುತ್ತು ಹಳ್ಳಿಗಳಿಗೆ ಹರಿಯಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಅವರ ಸೌಂದರ್ಯದೃಷ್ಟಿ. ಬೆಳಗಿನ ಹೊತ್ತು ಕುದುರೆಯೇರಿ ಊರಿನ ಬೀದಿಗಳನ್ನು ಸುತ್ತಿ, ಕಸ ಕಂಡಲ್ಲಿ, ಚರಂಡಿ ಕಟ್ಟಿದಲ್ಲಿ ನಿಂತು ವಿಚಾರಿಸುತ್ತಿದ್ದರೆಂದು ಇಂದಿಗೂ ಹೇಳುತ್ತಾರೆ. ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ನೆಲದಲ್ಲಿ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಿಂದ ಸ್ಫೂರ್ತಿ ಪಡೆದು, ಉದ್ಯಾನತಜ್ಞ ಕ್ರುಂಬಿಗಲ್ಲರ ನೆರವಿನಿಂದ 1927ರಲ್ಲಿ ಕೆಲಸ ಆರಂಭಿಸಿದರು. 1932ರ ಹೊತ್ತಿಗೆ ಬೃಂದಾವನ ಸಿದ್ಧವಾಯಿತು. ಹೊಲಕ್ಕೆ ಹರಿಯಬೇಕಾದ ನೀರು ಹರಿದೇ ಹರಿಯಿತು, ಅದರ ಪಕ್ಕದಲ್ಲಿ ಬಡವನೂ ಕುಟುಂಬದೊಡನೆ ಕುಳಿತು ಕಣ್ಣು ತಣಿಸಿಕೊಳ್ಳುವ ಜಾಗವೂ ಆಯಿತು. ಮುಂದೆ ಜಯಪುರದಲ್ಲಿಯೂ (1942–46) ಅವರು ನಗರಸುಧಾರಣೆಯ ಕೆಲಸ ನಡೆಸಿದರು. ಅಲ್ಲಿನ ಒಂದು ದೊಡ್ಡ ರಸ್ತೆ ಅವರ ಹೆಸರನ್ನೇ ಹೊತ್ತಿದೆ.

ಬಳ್ಳಾರಿ ಆಗ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರಿನ ದಿವಾನರ ಆಜ್ಞೆ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಆದರೆ 1946–47ರಲ್ಲಿ ಅವರು ಹೈದರಾಬಾದಿನ ಪ್ರಧಾನಿಯಾಗಿದ್ದಾಗ, ಸಿರುಗುಪ್ಪದ ಎದುರು ದಡದ ರಾಯಚೂರು ಸೀಮೆ ಆ ಸಂಸ್ಥಾನದಲ್ಲಿತ್ತು. ಹೊಳೆ ಒಂದೇ, ದಡಕ್ಕೊಂದು ಆಡಳಿತ! ಅವರು 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕಾಲವಶರಾದರು.

ಮಹನೀಯರ ಚರಿತ್ರೆಯಲ್ಲಿ ಹೊಗಳಿಕೆಯೊಂದೇ ಇದ್ದರೆ ಅದು ಅಪೂರ್ಣ. ಮಿರ್ಜಾ ಅವರ ಕಾಲದಲ್ಲಿಯೇ ಜನ ಜವಾಬ್ದಾರಿ ಸರ್ಕಾರ ಬೇಕೆಂದು ಎದ್ದು ನಿಂತಿದ್ದರು. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಗುಂಡೇಟಿಗೆ ಜನ ಬಲಿಯಾದರು. ದಿವಾನರು ಉತ್ತರ ಕೊಡಬೇಕಾಗಿದ್ದುದು ಮಹಾರಾಜರಿಗೆ, ಪ್ರಜೆಗಳಿಗಲ್ಲ. ಸುಂದರವಾದ ತೋಟವನ್ನು ಮೇಲಿನವರು ಕೊಡಬಲ್ಲರು. ಅದನ್ನು ತಮ್ಮದೆಂದು ಕಾಯುವ ಹಕ್ಕನ್ನೂ ಹೊಣೆಯನ್ನೂ ಜನ ತಾವೇ ಪಡೆಯಬೇಕು.

ಇಂದು ನಮಗೆ ಕುದುರೆಯೇರಿ ಬರುವ ದಿವಾನರಿಲ್ಲ. ಬಳ್ಳಾರಿಗೆ ಮಹಾನಗರಪಾಲಿಕೆಯಿದೆ, ಅದಕ್ಕೆ 1976ರ ಕಾಯಿದೆಯುಂಟು. ಸಿರುಗುಪ್ಪ, ಕುರುಗೋಡುಗಳಂಥ ಊರುಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯುಂಟು. ಕಸ, ಉದ್ಯಾನ, ಬೀದಿವ್ಯಾಪಾರ ಮುಂತಾದವುಗಳ ಬಗ್ಗೆ ಉಪವಿಧಿ ಮಾಡುವ ಅಧಿಕಾರ ಚುನಾಯಿತ ಸಭೆಗಿದೆ. ಕರಡನ್ನು ಮೊದಲು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ, ಸಲಹೆಗಳನ್ನು ಕೇಳಬೇಕು. ಸರ್ಕಾರದ ಮಂಜೂರಾತಿ ದೊರೆತ ಮೇಲೆಯೇ ಅದು ಜಾರಿಗೆ ಬರುತ್ತದೆ. ಹೊಳೆದಂಡೆಯ ತೋಟಕ್ಕೆ ದೀಪ ಎಷ್ಟು ಹೊತ್ತು ಉರಿಯಬೇಕು, ಮಿರ್ಚಿ ಮಾರುವ ಬಡ ತಾಯಿಗೆ ಎಲ್ಲಿ ಜಾಗ ಕೊಡಬೇಕು, ಹೊಳೆಗೆ ಕಸ ಸುರಿದವರಿಗೆ ದಂಡವೆಷ್ಟು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ನಾವು ಓದದೆ ಬಿಟ್ಟ ಕರಡು ಕೂಡ ಕಾನೂನಾಗುತ್ತದೆ. ಆಮೇಲೆ ದೂರಿ ಪ್ರಯೋಜನವೇನು?

ಮಿರ್ಜಾ ಅವರ ಕಣ್ಣು ನಮಗೆ ಬೇಕು. ಅವರ ಒಬ್ಬಂಟಿ ಅಧಿಕಾರ ಬೇಡ. ಆ ಕಣ್ಣು ವಿದ್ಯಾವಂತರಾದ ನಮ್ಮೆಲ್ಲರಲ್ಲಿ ತೆರೆದುಕೊಂಡರೆ ಸಾಕು. ಮಾವನವರು ಹೆಕ್ಕಿದ ಆ ಕಾಗದ ನನ್ನ ಕಣ್ಣಮುಂದೆ ಈಗಲೂ ಇದೆ. ಮುಂದಿನ ರಜೆಗೆ ಸಿರುಗುಪ್ಪಕ್ಕೆ ಹೋದಾಗ ಹೊಳೆದಂಡೆಗೆ ನಾನೂ ಒಂದು ಕೈಚೀಲ ಒಯ್ಯುವವನಿದ್ದೇನೆ.