ಕವಿಚಕ್ರವರ್ತಿ ಜನ್ನ: ದಂಡನಾಯಕ ಬರೆದ ಅಹಿಂಸೆಯ ಕಥೆ

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆ, ಶ್ರೀಗಂಧದ ಕಾವಲ್ ಎಂಬ ಬಡಾವಣೆ ಇದೆ. ಕಾವಲ್ ಎಂದರೆ ಕಾಯ್ದಿಟ್ಟ ನೆಲ. ಇಂದು ಅಲ್ಲಿ ಮನೆಗಳು ತುಂಬಿವೆ, ಹೆಸರಿನಲ್ಲಷ್ಟೇ ಶ್ರೀಗಂಧ ಉಳಿದಿದೆ. ನಗರದ ಇಂಥ ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಸಮಾಜದ ಹಲವು ಕುಟುಂಬಗಳಿಗೆ ಊರಿನಲ್ಲಿ ಇನ್ನೂ ಗದ್ದೆ, ತೋಟ ಇವೆ. ಊರಿನಿಂದ ಫೋನ್ ಬಂದಾಗ ಮಳೆ, ಬೆಲೆಯ ಮಾತಿನ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: ರಾತ್ರಿ ಕಡವೆ ಬಂದಿತ್ತು, ಕಾಡುಹಂದಿ ಗದ್ದೆ ಉತ್ತುಹಾಕಿದೆ, ಆನೆ ಬಾಳೆ ಮುರಿದಿದೆ.

ಆಗ ಎದ್ದೇಳುವ ಪ್ರಶ್ನೆ ಹಳೆಯದು. ಬೆಳೆ ತಿನ್ನುವ ಪ್ರಾಣಿಯನ್ನು ಕೊಲ್ಲಬಹುದೇ? ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಹೊಲಕ್ಕೆ ನುಗ್ಗಿದರೆ ಬೇಟೆಗೆ ಪರವಾನಗಿ ಕೊಡುವ ಪದ್ಧತಿ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿ, ಕೆಲವು ಸಂದರ್ಭಗಳಲ್ಲಿ ಮಾತ್ರ ಅಧಿಕಾರಿಗಳ ಅನುಮತಿಗೆ ಅವಕಾಶ ಇಟ್ಟಿದೆ. ಆದರೆ ಶ್ರಾವಕನ ಪ್ರಶ್ನೆ ಕಾನೂನಿಗೇ ಮುಗಿಯುವುದಿಲ್ಲ. ಈ ವಿಷಯದಲ್ಲಿ ನಮಗೆ ದಾರಿ ತೋರಬಲ್ಲ ಹಿರಿಯರಲ್ಲಿ ಒಬ್ಬ ಕವಿಚಕ್ರವರ್ತಿ ಜನ್ನ. ಅವನ ಬದುಕನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯೋಣ.

ಮನೆತನ

ಜನ್ನನ ತಂದೆ ಶಂಕರ. ಸುಮನೋಬಾಣ ಎಂಬ ಹೆಸರಿನಿಂದ ಪ್ರಸಿದ್ಧನಾದ ಅವನು ಹೊಯ್ಸಳರ ಕಾಲದ ವಿದ್ವಾಂಸ, ಕವಿ. ತಾಯಿ ಗಂಗಾದೇವಿ. ಜನ್ನನ ಸೋದರಿಯ ಗಂಡ ಮಲ್ಲಿಕಾರ್ಜುನ ಸೂಕ್ತಿಸುಧಾರ್ಣವ ಎಂಬ ಸಂಕಲನವನ್ನು ಮಾಡಿದವನು. ಅವರ ಮಗ ಕೇಶಿರಾಜ ಬರೆದ ಶಬ್ದಮಣಿದರ್ಪಣ ಇಂದಿಗೂ ಹಳಗನ್ನಡ ವ್ಯಾಕರಣಕ್ಕೆ ಆಧಾರಗ್ರಂಥ. ಹೀಗೆ ಒಂದೇ ಮನೆತನದ ಮೂರು ತಲೆಮಾರು ಕನ್ನಡದ ಸೇವೆ ಮಾಡಿದೆ.

ಜನ್ನ ಎರಡನೆಯ ವೀರಬಲ್ಲಾಳನ ಆಶ್ರಯದಲ್ಲಿ ಬೆಳೆದ. ಕವಿಚಕ್ರವರ್ತಿ ಎಂಬ ಬಿರುದು ಬಂದದ್ದು ಆ ಅರಸನಿಂದಲೇ. ಕಾವ್ಯಗಳಲ್ಲದೆ ಶಾಸನಗಳನ್ನೂ ರಚಿಸಿದ. ಬಲ್ಲಾಳನ ಮಗ ನರಸಿಂಹನ ಕಾಲದಲ್ಲಿಯೂ ಅವನಿಗೆ ಆಸ್ಥಾನದಲ್ಲಿ ಗೌರವವಿತ್ತು. ಕವಿಯಷ್ಟೇ ಅಲ್ಲ, ಮಂತ್ರಿ ಮತ್ತು ದಂಡನಾಯಕನೂ ಆಗಿದ್ದ. ಹೊಯ್ಸಳರಿಗೂ ಸೇವುಣರಿಗೂ ಯುದ್ಧಗಳು ನಡೆಯುತ್ತಿದ್ದ ಕಾಲ ಅದು. ಅಹಿಂಸೆಯ ಕುರಿತು ಜನ್ನ ಬರೆದದ್ದನ್ನು ಓದುವಾಗ ಇದನ್ನು ಮರೆಯಬಾರದು. ಕೊಲೆ ಎಂದರೇನೆಂದು ತಿಳಿಯದ ಮಠದ ಮನುಷ್ಯನಲ್ಲ, ರಾಜ್ಯವನ್ನು ಕಾಯುವ ಹೊಣೆ ಹೊತ್ತ ಗೃಹಸ್ಥ ಆ ಮಾತುಗಳನ್ನು ಬರೆದ.

ಅವನು ಸೇವೆ ಮಾಡಿದ ವಂಶದ ಹುಟ್ಟಿನ ಕಥೆಯಲ್ಲಿಯೇ ಈ ಪ್ರಶ್ನೆ ಇದೆ. ಸೊಸೆವೂರು, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಲ್ಲಿ ಸುದತ್ತ ಮುನಿಗಳು ಪಾಠ ಹೇಳುತ್ತಿದ್ದಾಗ ಹುಲಿ ಮೇಲೆರಗಲು ಬಂತು. ಮುನಿಗಳು ಸಳನಿಗೆ ಹೊಡೆಯುವಂತೆ ಹೇಳಿದರು, ಅವನು ಹೊಡೆದ. ಹೊಯ್ಸಳ ಎಂಬ ಹೆಸರು ಹೀಗೆ ಬಂತೆಂದು ಐತಿಹ್ಯ. ಬೇಲೂರು, ಹಳೇಬೀಡಿನ ಶಿಲ್ಪಗಳಲ್ಲಿ ನಾವು ಕಾಣುವುದು ಇದನ್ನೇ. ಪ್ರಾಣಕ್ಕೆ ಎರಗಿದ ಮೃಗವನ್ನು ತಡೆದದ್ದನ್ನು ನಮ್ಮ ಪರಂಪರೆ ವಿರೋಧೀ ಹಿಂಸೆ ಎನ್ನುತ್ತದೆ. ಗೃಹಸ್ಥ ಅದರಿಂದ ಪೂರ್ತಿ ಪಾರಾಗಲಾರ ಎಂಬುದನ್ನು ಆಚಾರ್ಯರು ಬಲ್ಲರು.

ಹಿಟ್ಟಿನ ಹುಂಜ

1209ರಲ್ಲಿ ಜನ್ನ ಯಶೋಧರ ಚರಿತೆಯನ್ನು ಬರೆದ. ಬಹುಪಾಲು ಕಂದಪದ್ಯಗಳಲ್ಲಿ, ನಾಲ್ಕು ಅವತಾರಗಳಲ್ಲಿ ಹೇಳಿದ ಸಣ್ಣ ಕಾವ್ಯ. ಕಥೆ ಹಳೆಯದು, ವಾದಿರಾಜರು ಅದನ್ನು ಸಂಸ್ಕೃತದಲ್ಲಿ ಹೇಳಿದ್ದರು, ಅವರಿಗಿಂತ ಮೊದಲೇ ಸೋಮದೇವ ಸೂರಿಗಳು 959ರಲ್ಲಿ ಯಶಸ್ತಿಲಕದಲ್ಲಿ ವಿಸ್ತರಿಸಿದ್ದರು. ಕನ್ನಡದ ಮನೆಮನಗಳಿಗೆ ಅದನ್ನು ತಂದವನು ಜನ್ನ.

ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಅಮೃತಮತಿ ಮಾವುತನೊಬ್ಬನಿಗೆ ಮನಸೋತದ್ದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತುತ್ತಾನೆ, ಆದರೆ ತನ್ನನ್ನು ತಡೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ಶಾಂತಿಗಾಗಿ ಬಲಿ ಕೊಡು ಎಂದು ತಾಯಿ ಒತ್ತಾಯಿಸುತ್ತಾಳೆ. ಪ್ರಾಣಿಬಲಿಗೆ ಅವನು ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತು ಮೀರಲಾರದೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಜೀವವಿಲ್ಲದ ಹಿಟ್ಟು. ಆದರೆ ಕಡಿಯುವ ಸಂಕಲ್ಪಕ್ಕೆ ಜೀವವಿತ್ತು. ರಾಣಿ ವಿಷವಿಕ್ಕಿದ ಮೇಲೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮುಳ್ಳುಹಂದಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟಿ ಸಾಯುತ್ತಾರೆ. ನಾವು ಓಡಿಸುವ, ಕಟ್ಟುವ, ಕೊಲ್ಲುವ ಪ್ರಾಣಿಗಳ ಸಾಲೇ ಅದು.

ಬೇಟೆಗಾರ ಯಶೋಮತಿ

ಯಶೋಧರನ ಮಗ ಯಶೋಮತಿಗೆ ಬೇಟೆಯೆಂದರೆ ಪ್ರಾಣ. ಸದ್ದು ಕೇಳಿಯೇ ಗುರಿ ಇಡುವ ತನ್ನ ಜಾಣ್ಮೆಯನ್ನು ರಾಣಿ ಕುಸುಮಾವಳಿಗೆ ತೋರಿಸಲು ಎರಡು ಕೋಳಿಗಳ ಮೇಲೆ ಬಾಣ ಬಿಡುತ್ತಾನೆ. ಅವು ಅವನ ತಂದೆಯೂ ಅಜ್ಜಿಯೂ ಎಂಬುದು ಅವನಿಗೆ ತಿಳಿಯದು. ಆ ಜೀವಗಳೇ ಅವನ ಅವಳಿ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತವೆ. ಮುಂದೆ ಬೇಟೆಗೆ ಹೋದಾಗ ಸುದತ್ತಾಚಾರ್ಯರು ಎದುರಾಗುತ್ತಾರೆ. ಅಪಶಕುನವಾಯಿತೆಂದು ಐನೂರು ಬೇಟೆನಾಯಿಗಳನ್ನು ಅವರ ಮೇಲೆ ಬಿಡುತ್ತಾನೆ. ನಾಯಿಗಳು ಮುನಿಗಳ ಮುಂದೆ ಶಾಂತವಾಗುತ್ತವೆ. ನಿಜ ತಿಳಿದ ಮೇಲೆ ಯಶೋಮತಿ ರಾಜ್ಯ ಬಿಟ್ಟು ದೀಕ್ಷೆ ಪಡೆಯುತ್ತಾನೆ.

ಸುದತ್ತ ಎಂಬ ಹೆಸರಿನ ಮುನಿಗಳು ಎರಡೂ ಕಡೆ ಇರುವುದನ್ನು ಗಮನಿಸಬೇಕು. ಹೊಯ್ಸಳರ ಐತಿಹ್ಯದಲ್ಲಿ ಮೇಲೆರಗಿದ ಹುಲಿ. ಯಶೋಧರ ಚರಿತೆಯಲ್ಲಿ ಯಾರಿಗೂ ಕೇಡು ಮಾಡದ ಎರಡು ಕೋಳಿ. ಒಂದು ರಕ್ಷಣೆ, ಇನ್ನೊಂದು ವಿನೋದ.

ಕಡವೆ ಎಲ್ಲಿ ನಿಲ್ಲುತ್ತದೆ?

ಗದ್ದೆಗೆ ಬಂದ ಕಡವೆ ಈ ಎರಡರ ನಡುವೆ ನಿಂತಿದೆ. ಅದು ಸಳನ ಹುಲಿಯಂತೆ ಎರಗಲಿಲ್ಲ, ಹಸಿದು ಬಂತು. ಅದಕ್ಕೆ ಗಡಿಕಲ್ಲು ಗೊತ್ತಿಲ್ಲ, ಹಗೆತನವೂ ಇಲ್ಲ. ರೈತನಾದರೂ ವಿನೋದಕ್ಕೆ ನಿಂತಿಲ್ಲ. ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಹೋದರೆ ಅವನ ಮನೆಯ ಸಾಲ ಯಾರು ತೀರಿಸಬೇಕು?

ಸೋಮದೇವ ಸೂರಿಗಳು ಯಶಸ್ತಿಲಕದಲ್ಲಿ ಬೆಸ್ತನನ್ನೂ ರೈತನನ್ನೂ ಹೋಲಿಸುತ್ತಾರೆ. ಬೆಸ್ತನ ಬಲೆಗೆ ಮೀನು ಬೀಳದ ದಿನವೂ ಅವನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪ ಇದೆ. ರೈತನ ನೇಗಿಲಿಗೆ ಜೀವಿಗಳು ಸಿಕ್ಕಿ ಸಾಯುತ್ತವೆ, ಆದರೆ ಅವನ ಸಂಕಲ್ಪ ಬೆಳೆ ಬೆಳೆಯುವುದು. ಹಿಂಸೆಯ ತೂಕ ಭಾವದಲ್ಲಿದೆ. ಜನ್ನನ ಹಿಟ್ಟಿನ ಹುಂಜವೂ ಇದನ್ನೇ ಹೇಳುತ್ತದೆ.

ಇದರಿಂದ ರೈತನಿಗೆ ಸಮಾಧಾನ ಸಿಗುತ್ತದೆ, ಎಚ್ಚರಿಕೆಯೂ ಸಿಗುತ್ತದೆ. ಅಟ್ಟಣೆ ಕಟ್ಟಿ ಕಾಯುವುದು, ಡಬ್ಬ ಬಡಿಯುವುದು, ಬೆಂಕಿ ಹಾಕುವುದು, ಅಗಳು ತೋಡುವುದು, ಸೌರಬೇಲಿ ಹಾಕುವುದು, ಇವುಗಳ ಸಂಕಲ್ಪ ಕಾಯುವುದೇ. ಉರುಲು ಕಟ್ಟುವುದು, ಕಚ್ಚಾಬಾಂಬು ಇಡುವುದು, ಬೇಲಿಗೆ ನೇರ ಕರೆಂಟು ಕೊಡುವುದು, ಇವುಗಳಲ್ಲಿ ಕಾವಲು ಇಲ್ಲ, ಕೊಲೆ ಮಾತ್ರ ಇದೆ. ಅವು ಕಾನೂನಿಗೂ ವಿರುದ್ಧ, ದಾರಿಹೋಕ ಮನುಷ್ಯನನ್ನೂ ಬಿಡವು. ಬೆಳೆ ಕಾಯುವ ನೆಪದಲ್ಲಿ ಮಾಂಸಕ್ಕಾಗಿ ಕೋವಿ ಹಿಡಿದವನು ಯಶೋಮತಿಯ ಸಾಲಿನವನು. ಎಲ್ಲ ಉಪಾಯವೂ ಸೋತು, ಪ್ರಾಣಕ್ಕೇ ಅಪಾಯ ಬಂದು, ಸರ್ಕಾರವೇ ಒಂದು ಪ್ರಾಣಿಯನ್ನು ತೆಗೆಯಲು ತೀರ್ಮಾನಿಸಿದ ಸಂದರ್ಭದಲ್ಲಿಯೂ ಅದು ಪಾಪರಹಿತ ಎಂದು ಶ್ರಾವಕ ಹೇಳಿಕೊಳ್ಳಲಾರ. ಅನಿವಾರ್ಯ ಎಂದು ನೊಂದುಕೊಂಡು ಪ್ರತಿಕ್ರಮಣ ಮಾಡಬಹುದು, ಅಷ್ಟೇ.

ಕೊನೆಯ ಕೃತಿ

1230ರಲ್ಲಿ ಜನ್ನ ಅನಂತನಾಥ ಪುರಾಣವನ್ನು ಮುಗಿಸಿದ. ಹದಿನಾಲ್ಕನೆಯ ತೀರ್ಥಂಕರರ ಚರಿತೆ. ಅದರಲ್ಲಿ ಬರುವ ಚಂಡಶಾಸನನ ಪ್ರಸಂಗದಲ್ಲಿ ಗೆಳೆಯನ ಹೆಂಡತಿಯನ್ನು ಬಯಸಿದ ಅರಸನಿಂದ ಎಷ್ಟು ಜೀವಗಳು ಹಾಳಾದವೆಂದು ಹೇಳುತ್ತಾನೆ. ಎರಡೂ ಕಾವ್ಯಗಳಲ್ಲಿ ಕೈಗಿಂತ ಮೊದಲು ಕೆಡುವುದು ಮನಸ್ಸು.

ಹಳೇಬೀಡಿನ ಬಸ್ತಿಹಳ್ಳಿಗೆ ಹೋದವರು 1133ರಲ್ಲಿ ಬೊಪ್ಪದೇವ ಕಟ್ಟಿಸಿದ ಪಾರ್ಶ್ವನಾಥ ಬಸದಿಯನ್ನು ನೋಡಿರುತ್ತೀರಿ. ಜನ್ನನ ಕಾಲಕ್ಕಾಗಲೇ ಅದು ಹಳೆಯ ಬಸದಿ. ಮುಂದಿನ ಸಲ ಹೋದಾಗ ಮಕ್ಕಳಿಗೆ ಈ ಕವಿಯ ಕಥೆಯನ್ನೂ ಹೇಳಿ.

ಇನ್ನೊಂದು ಮಾತು ನಗರದಲ್ಲಿರುವ ನಮಗೆ. ರಾತ್ರಿಯೆಲ್ಲ ಗದ್ದೆ ಕಾಯುವವನು ಊರಿನವನು, ಆ ಅಕ್ಕಿ ಉಣ್ಣುವವರು ನಾವು. ಕೊಲ್ಲಬೇಡ ಎಂದು ಇಲ್ಲಿಂದ ಹೇಳುವುದು ಸುಲಭ. ಊರಿನ ಜಮೀನಿಗೆ ಸೌರಬೇಲಿ ಹಾಕಿಸಲು ಹಣ ಕೂಡಿಸುವುದು, ಗೇಣಿಗೆ ಕೊಟ್ಟಿದ್ದರೆ ಬೆಳೆ ಹೋದ ವರ್ಷ ಗೇಣಿ ಬಿಡುವುದು, ಅರಣ್ಯ ಇಲಾಖೆಯ ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಬರೆದುಕೊಡುವುದು ನಮ್ಮ ಕೈಯಲ್ಲಿದೆ. ಅಹಿಂಸೆಯ ಖರ್ಚನ್ನು ರೈತನೊಬ್ಬನ ಮೇಲೆಯೇ ಹಾಕಿ ಪುಣ್ಯ ಮಾತ್ರ ನಮಗಿರಲಿ ಎಂದರೆ ಅದೂ ಹಿಟ್ಟಿನ ಹುಂಜವೇ.

ಜೈ ಜಿನೇಂದ್ರ.